ಆಕಾಶಕ್ಕೆ ಏಣಿ ಇಟ್ಟಿದ್ದು ಒಂದೇ ಮತ!

‘ಬಾಹ್ಯಾಕಾಶದ ಬಗ್ಗೆ ನನಗೇನೂ ಅಷ್ಟೊಂದು ಆಸಕ್ತಿ ಇಲ್ಲ.’

ಈ ಮಾತು ಆಡಿದ್ದು ಯಾರು? ಊಹಿಸಿ ನೋಡೋಣ!

ರಾಕೆಟ್ಟಿಗೆ ಸುರಿಯುವ ದುಡ್ಡೆಲ್ಲ ದಂಡ ಎಂದು ವಾದಿಸುವ ಅರ್ಥಶಾಸ್ತ್ರಜ್ಞರೇ? ಅಲ್ಲ. ವಿರೋಧ ಪಕ್ಷದ ಮುಖಂಡರೇ? ಅಲ್ಲವೇ ಅಲ್ಲ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿಯೇ ಸೈ ಎಂದು ಜಗತ್ತಿಗೆಲ್ಲ ಸಾರಿದ ಜಾನ್ ಎಫ್. ಕೆನಡಿ!

ಹೌದು, ಸಾಕ್ಷಾತ್ ಕೆನಡಿ! ನಂಬಿಕೆ ಬರುತ್ತಿಲ್ಲವೇ? ಧ್ವನಿಮುದ್ರಣವೇ ಇದೆ!

1962ರ ನವೆಂಬರ್ 21. ಶ್ವೇತಭವನದ ಸಂಪುಟ ಸಭೆಯ ಕೊಠಡಿ. ಯಾರಿಗೂ ಕಾಣದಂತೆ ಮೈಕು ಅಡಗಿಸಿಟ್ಟಿದ್ದಾರೆ. ಟೇಪು ಸುತ್ತುತ್ತಿದೆ. ಮಾತಿಗೆ ಮಾತು ಬೆಳೆಯುತ್ತಿದೆ. ಅಧ್ಯಕ್ಷರಿಗೆ ಎದುರಾಡುತ್ತಿರುವವರು ನಾಸಾ ಮುಖ್ಯಸ್ಥ ಜೇಮ್ಸ್ ವೆಬ್. ಆ ಹೆಸರು ಎಲ್ಲೋ ಕೇಳಿದಂತಿದೆಯೇ? ಇವತ್ತು ಬ್ರಹ್ಮಾಂಡದ ಅಂಚನ್ನು ಇಣುಕುತ್ತಿರುವ ದೂರದರ್ಶಕಕ್ಕೆ ಇಟ್ಟಿರುವುದು ಇವರದೇ ಹೆಸರು!

ಜಗಳ ಯಾವುದಕ್ಕೆ? 40 ಕೋಟಿ ಡಾಲರ್ ಹೆಚ್ಚುವರಿ ಹಣಕ್ಕೆ. ಚಂದ್ರಯಾತ್ರೆಯನ್ನು ಇನ್ನೂ ಬೇಗ ಮುಗಿಸಲು ಇಷ್ಟು ಬೇಕೆಂಬ ಬೇಡಿಕೆ ಬಂದಿತ್ತು. ವೆಬ್ ಪಟ್ಟು ಹಿಡಿದರು: ಚಂದ್ರ ಒಂದನ್ನೇ ನೋಡಬೇಡಿ, ಇಡೀ ಬಾಹ್ಯಾಕಾಶದಲ್ಲಿ ನಾವು ಮೇಲುಗೈ ಸಾಧಿಸಬೇಕು. ಕೆನಡಿ ಜಗ್ಗಲಿಲ್ಲ. ರಷ್ಯನ್ನರಿಗಿಂತ ಮೊದಲು ಚಂದ್ರನನ್ನು ಮುಟ್ಟಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಹಾಗಲ್ಲದಿದ್ದರೆ ಇಷ್ಟು ದುಡ್ಡು ಏಕೆ ಸುರಿಯಬೇಕು? ಆಗ ಬಿತ್ತು ನೋಡಿ, ಆಸಕ್ತಿ ಇಲ್ಲವೆಂಬ ಆ ಮಾತು!

ಅದಕ್ಕೆ ಹತ್ತು ವಾರ ಮೊದಲಷ್ಟೇ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಚಂದ್ರನ ಬಗ್ಗೆ ಮೈ ನವಿರೇಳಿಸುವ ಭಾಷಣ ಮಾಡಿ ಬಂದಿದ್ದ ಮನುಷ್ಯ ಇವರು. ಟೇಪು ಜನರ ಕಿವಿಗೆ ಬಿದ್ದದ್ದು 2001ರಲ್ಲಿ!

ಇನ್ನೂ ಒಂದಿದೆ. ಮರುವರ್ಷ, 1963ರ ಸೆಪ್ಟೆಂಬರ್ 20ರಂದು ಇದೇ ಕೆನಡಿ ವಿಶ್ವಸಂಸ್ಥೆಯಲ್ಲಿ ಎದ್ದು ನಿಂತು ಏನು ಕೇಳಿದರು ಗೊತ್ತೇ? ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಜೊತೆಗೂಡಿಯೇ ಚಂದ್ರನಿಗೆ ಹೋದರೆ ಹೇಗೆ? ಯಾರನ್ನು ಹಿಂದಿಕ್ಕಬೇಕು ಎಂದಿದ್ದರೋ ಅವರ ಜೊತೆಯೇ! ಅಮೆರಿಕದ ಸಂಸತ್ತು ಬೆಚ್ಚಿಬಿತ್ತು. ನಮ್ಮ ಒಪ್ಪಿಗೆ ಇಲ್ಲದೆ ಇನ್ನೊಂದು ದೇಶದ ಜೊತೆ ಚಂದ್ರನ ಮೇಲಿಳಿಯಲು ಈ ಹಣ ಬಳಸುವಂತಿಲ್ಲ ಎಂದು ಆ ವರ್ಷದ ಹಣಕಾಸು ಮಸೂದೆಯಲ್ಲೇ ಬರೆದಿಟ್ಟಿತು. ಅಷ್ಟರಲ್ಲಿ ಕೆನಡಿ ಗುಂಡೇಟಿಗೆ ಬಲಿಯಾಗಿದ್ದರು.

ರಾಕೆಟ್ ಹಾರುವುದಕ್ಕೆ ಮೊದಲು ಒಂದು ಮೇಜು ಇರುತ್ತದೆ. ಅದರ ಸುತ್ತ ಕೂತವರ ಜಗಳದಲ್ಲೇ ದಾರಿ ತೀರ್ಮಾನವಾಗುತ್ತದೆ. ನನ್ನ ಮಟ್ಟಿಗೆ ಬಾಹ್ಯಾಕಾಶದ ಅತ್ಯಂತ ರೋಚಕ ಕಥೆಗಳು ಅಡಗಿರುವುದು ಅಲ್ಲೇ!

ಬನ್ನಿ, ಈಗ ದುಡ್ಡಿನ ಮಾತಿಗೆ. 1966ರಲ್ಲಿ ಅಮೆರಿಕದ ಸರ್ಕಾರ ಖರ್ಚು ಮಾಡಿದ ಪ್ರತಿ ನೂರು ಡಾಲರಿನಲ್ಲಿ ನಾಸಾಕ್ಕೆ ಹೋದದ್ದು 4 ಡಾಲರ್ 40 ಸೆಂಟ್. ಇವತ್ತು ಎಷ್ಟು? ಅರ್ಧ ಡಾಲರ್ ಕೂಡ ಇಲ್ಲ!

ಅಂದರೆ ಆಗ ಜನ ಕುಣಿದಾಡುತ್ತಿದ್ದರೇ? ಎಲ್ಲರೂ ಹಾಗೆಂದೇ ತಿಳಿದಿದ್ದಾರೆ. ಅರವತ್ತರ ದಶಕದ ಸಮೀಕ್ಷೆಗಳನ್ನು ತೆರೆದು ನೋಡಿ. ಚಂದ್ರಯಾತ್ರೆಯ ಅಪೊಲೊ ಯೋಜನೆಗೆ ಹಾಕಿದ ದುಡ್ಡು ಸಾರ್ಥಕ ಎಂದವರು ಅರ್ಧಕ್ಕಿಂತ ಹೆಚ್ಚಾದದ್ದು ಯಾವಾಗ? ಮನುಷ್ಯ ಚಂದ್ರನ ಮೇಲಿಳಿದ ಆ ಹೊತ್ತಿನಲ್ಲಿ ಮಾತ್ರ! ಆಗಲೂ ಎಷ್ಟು? ಶೇ 53!

ಉಳಿದವರು ಏನನ್ನುತ್ತಿದ್ದರು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮಲ್ಲಿ ಅನ್ನುವುದಿಲ್ಲವೇ? ಅದೇ ಮಾತು. ಅದನ್ನು ಹೇಳಲು ಅವರು ಎಲ್ಲಿಗೆ ಬಂದರು ಗೊತ್ತೇ? ನೇರ ರಾಕೆಟ್ಟಿನ ಅಂಗಳಕ್ಕೇ!

1969ರ ಜುಲೈ 15. ಬೆಳಗಾದರೆ ಅಪೊಲೊ 11 ಹಾರಬೇಕು. ಫ್ಲಾರಿಡಾದಲ್ಲಿ ಮಳೆ ತುಂತುರು. ದೂರದಲ್ಲಿ 110 ಮೀಟರ್ ಎತ್ತರದ ಸ್ಯಾಟರ್ನ್ 5. ಇತ್ತ ಬಯಲಿನಲ್ಲಿ ಹೇಸರಗತ್ತೆ ಕಟ್ಟಿದ ಎರಡು ಗಾಡಿ! ಗಾಡಿಗಳ ಜೊತೆ ಹಾಡು ಹೇಳುತ್ತ ಬಡವರ ಗುಂಪು. ಮುಂದೆ ನಿಂತವರು ಮಾರ್ಟಿನ್ ಲೂಥರ್ ಕಿಂಗ್ ಅವರ ಒಡನಾಡಿ, ಅವರ ಚಳವಳಿಯ ಉತ್ತರಾಧಿಕಾರಿ ರಾಲ್ಫ್ ಅಬರ್ನಾಥಿ. ದೇಶದ ಐದರಲ್ಲೊಂದು ಪಾಲು ಜನಕ್ಕೆ ಸರಿಯಾದ ಅನ್ನ, ಬಟ್ಟೆ, ಸೂರು ಇಲ್ಲ. ನೀವು ಚಂದ್ರನಿಗೆ ಹೊರಟಿದ್ದೀರಾ?

ನಾಸಾ ಮುಖ್ಯಸ್ಥ ಥಾಮಸ್ ಪೇನ್ ಏನು ಮಾಡಿದರು? ಪೊಲೀಸರನ್ನು ಕಳಿಸಿದರೇ? ಇಲ್ಲ! ತಾವೇ ಆ ಬಯಲಿಗೆ ನಡೆದು ಬಂದರು. ಮಳೆಯಲ್ಲಿ ನಿಂತು ಕೇಳಿಸಿಕೊಂಡರು. ನಾಳೆ ಗುಂಡಿ ಒತ್ತದೆ ಬಿಟ್ಟರೆ ನಿಮ್ಮ ಕಷ್ಟ ತೀರುವುದಾದರೆ ನಾವು ಒತ್ತುವುದೇ ಇಲ್ಲ ಎಂದರು. ನಿಮ್ಮ ಗಾಡಿಯನ್ನು ನಮ್ಮ ರಾಕೆಟ್ಟಿಗೇ ಕಟ್ಟಿ, ಇಂಥದ್ದನ್ನು ಮಾಡಬಲ್ಲ ದೇಶ ಹಸಿವನ್ನೂ ಏಕೆ ನೀಗಬಾರದು ಎಂದು ಕೇಳಿ ಎಂದರು.

ಆಮೇಲೆ ನಡೆದದ್ದು ಇನ್ನೂ ಸೋಜಿಗ. ಪ್ರತಿಭಟಿಸಲು ಬಂದ ಅಬರ್ನಾಥಿ ಗಗನಯಾತ್ರಿಗಳು ಕ್ಷೇಮವಾಗಿ ಮರಳಲಿ ಎಂದು ಪ್ರಾರ್ಥಿಸಿದರು! ಪೇನ್ ಆ ಬಡ ಕುಟುಂಬಗಳಿಗೆ ಗಣ್ಯರ ಸಾಲಿನಲ್ಲಿ ಕೂತು ಉಡಾವಣೆ ನೋಡಲು ಪಾಸು ಕೊಟ್ಟರು! ಹಣದ ವಿಷಯದಲ್ಲಿ ಇಷ್ಟು ಘನತೆಯ ಜಗಳವನ್ನು ನಾನು ಇನ್ನೆಲ್ಲೂ ಓದಿಲ್ಲ. ಅಬರ್ನಾಥಿ ಕೇಳಿದ ಪ್ರಶ್ನೆಯಂತೂ ಇವತ್ತಿಗೂ ಹಾಗೆಯೇ ನಿಂತಿದೆ, ಕೇಳಲೇಬೇಕಾದದ್ದು.

ಚಂದ್ರನ ಮೇಲೆ ಇಳಿದದ್ದಾಯಿತು. ಮುಂದೆ? ಮಂಗಳ! ರಾಕೆಟ್ ಮಾಂತ್ರಿಕ ವರ್ನರ್ ಫಾನ್ ಬ್ರೌನ್ ಎರಡೇ ವಾರದಲ್ಲಿ ಯೋಜನೆ ಹಿಡಿದು ಬಂದರು. ತಲಾ ಆರು ಜನರ ಎರಡು ನೌಕೆ. ಹೊರಡುವ ದಿನಾಂಕವನ್ನೂ ಬರೆದಿದ್ದರು: 1981ರ ನವೆಂಬರ್ 12! ಆ ದಿನ ಬಂತು, ಹೋಯಿತು. ಮಂಗಳಕ್ಕೆ ಯಾರೂ ಹೊರಡಲಿಲ್ಲ, ದುಡ್ಡೇ ಸಿಕ್ಕಿರಲಿಲ್ಲ. ಮಂಗಳ ಹಾಗಿರಲಿ, ಚಂದ್ರನ ಯಾತ್ರೆಗಳೇ ಒಂದೊಂದಾಗಿ ಉದುರತೊಡಗಿದವು. ಅಪೊಲೊ 20 ರದ್ದು. 19 ರದ್ದು. 18 ರದ್ದು!

ಅಧ್ಯಕ್ಷ ನಿಕ್ಸನ್ 16 ಮತ್ತು 17ನ್ನೂ ಕೈಬಿಡುವ ಯೋಚನೆಯಲ್ಲಿದ್ದರು. ಈಗ ಹೇಳಿ, ಅವನ್ನು ಉಳಿಸಿದ್ದು ಯಾರು? ಗಗನಯಾತ್ರಿಗಳೇ? ವಿಜ್ಞಾನಿಗಳೇ?

ಬಜೆಟ್ ಕಚೇರಿಯ ಅಧಿಕಾರಿ! ಅದೂ ಎಂಥವರು, ಖರ್ಚಿಗೆ ಕತ್ತರಿ ಹಾಕುವುದಕ್ಕೇ ಹೆಸರಾದ ಕ್ಯಾಸ್ಪರ್ ವೈನ್‌ಬರ್ಗರ್! 1971ರ ಆಗಸ್ಟಿನಲ್ಲಿ ಅವರು ಅಧ್ಯಕ್ಷರಿಗೆ ಒಂದು ಟಿಪ್ಪಣಿ ಬರೆದರು. ಇದನ್ನೂ ನಿಲ್ಲಿಸಿದರೆ ಅಮೆರಿಕದ ಒಳ್ಳೆಯ ಕಾಲ ಮುಗಿಯಿತೆಂದು ನಾವೇ ಒಪ್ಪಿಕೊಂಡಂತೆ ಎಂಬುದು ಅದರ ಸಾರ. ನಿಕ್ಸನ್ ಅದನ್ನು ಓದಿ, ಕ್ಯಾಪ್ (ಅಂದರೆ ಕ್ಯಾಸ್ಪರ್) ಹೇಳುವುದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಕೈಬರಹದಲ್ಲಿ ಗೀಚಿದರು.

ನಾಲ್ಕಾರು ಪದ, ಅಷ್ಟೇ! ಆ ಗೀಚಿನಿಂದ ನಮಗೆ ದಕ್ಕಿದ್ದೇನು? ಉಸಿರು ಬಿಗಿ ಹಿಡಿದು ಕೇಳಿ.

ಒಂದು, ನೀಲಿ ಗೋಲಿಯಂಥ ಇಡೀ ಭೂಮಿಯ ಆ ಫೋಟೊ! ನಿಮ್ಮ ಶಾಲೆಯ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಅದನ್ನು ತೆಗೆದದ್ದು 1972ರ ಡಿಸೆಂಬರ್ 7ರಂದು, ಚಂದ್ರನತ್ತ ಸಾಗುತ್ತಿದ್ದ ಅಪೊಲೊ 17ರ ಕಿಟಕಿಯಿಂದ.

ಎರಡನೆಯದು ನನ್ನ ಅಚ್ಚುಮೆಚ್ಚು. ಅಪೊಲೊ 17ರಲ್ಲಿ ಹ್ಯಾರಿಸನ್ ಸ್ಮಿಟ್ ಇದ್ದರು. ಚಂದ್ರನ ಮೇಲೆ ಓಡಾಡಿದ ಏಕೈಕ ಭೂವಿಜ್ಞಾನಿ! ಶಾರ್ಟಿ ಎಂಬ ಕುಳಿಯ ಅಂಚು. ಸುತ್ತಲೂ ಬೂದಿಬಣ್ಣ, ಬರೀ ಬೂದಿಬಣ್ಣ. ಸ್ಮಿಟ್ ಅವರ ಬೂಟು ನೆಲವನ್ನು ಕೆದರಿತು. ಒಮ್ಮೆಲೇ ಅವರು ಕೂಗಿಕೊಂಡರು: ಕಿತ್ತಳೆ ಬಣ್ಣದ ಮಣ್ಣು! ಜೊತೆಗಾರ ಯೂಜೀನ್ ಸರ್ನನ್ ನಂಬಲಿಲ್ಲ. ತಡಿ, ನಾನು ನೋಡುವ ತನಕ ಅದನ್ನು ಕದಲಿಸಬೇಡ ಎಂದರು. ಬಂದು ನೋಡಿದರೆ ನಿಜವಾಗಿಯೂ ಕಿತ್ತಳೆ!

ಅದು ಮಣ್ಣಲ್ಲ, ಗಾಜಿನ ಕಿರುಮಣಿಗಳು! 350 ಕೋಟಿ ವರ್ಷಕ್ಕೂ ಹಿಂದೆ ಚಂದ್ರನ ಒಡಲಿನಿಂದ ಬೆಂಕಿಯ ಕಾರಂಜಿಯಾಗಿ ಚಿಮ್ಮಿ, ಆಕಾಶದಲ್ಲೇ ತಣಿದು ಉದುರಿದ ಹನಿಗಳು. 2008ರಲ್ಲಿ ವಿಜ್ಞಾನಿಗಳು ಇಂಥ ಮಣಿಗಳ ಒಳಗೆ ಇಣುಕಿದಾಗ ಏನು ಸಿಕ್ಕಿತು? ಊಹಿಸಿ!

ನೀರಿನ ಅಂಶ! ಒಣಕಲು ಎಂದುಕೊಂಡಿದ್ದ ಚಂದ್ರನ ಒಡಲಲ್ಲಿ ನೀರು! ಅದೇ ವರ್ಷ ಹೊರಟ ನಮ್ಮ ಚಂದ್ರಯಾನ-1 ಚಂದ್ರನ ಮೇಲ್ಮೈಯಲ್ಲೂ ನೀರಿನ ಕುರುಹು ಹಿಡಿಯಿತು. ಇವತ್ತು ಹಲವು ದೇಶಗಳು ಚಂದ್ರನ ದಕ್ಷಿಣ ಧ್ರುವದತ್ತ ಮುಖ ಮಾಡಿರುವುದಕ್ಕೆ ದೊಡ್ಡ ಕಾರಣ ನೀರೇ.

ಇದೆಲ್ಲ ರೋಬಾಟ್‌ಗಳಿಂದಲೇ ಆಗುತ್ತಿರಲಿಲ್ಲವೇ? ನೀವು ಕೇಳಿಯೇ ಕೇಳುತ್ತೀರಿ ಎಂದು ಗೊತ್ತಿತ್ತು! ಈ ಪ್ರಶ್ನೆಯನ್ನು ಅತಿ ಜೋರಾಗಿ ಕೇಳಿದವರು ಬಾಹ್ಯಾಕಾಶವನ್ನೇ ಉಸಿರಾಡಿದ ವಿಜ್ಞಾನಿ, ಜೇಮ್ಸ್ ವ್ಯಾನ್ ಆಲೆನ್. ಭೂಮಿಯ ಸುತ್ತ ಇರುವ ವಿಕಿರಣ ಪಟ್ಟಿಗಳನ್ನು 1958ರಲ್ಲಿ ಕಂಡುಹಿಡಿದವರು! ತೊಂಬತ್ತರ ಹೊಸ್ತಿಲಲ್ಲಿ, 2004ರಲ್ಲಿ, ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಕಾಲ ಮುಗಿಯಿತೇ ಎಂದು ಲೇಖನವನ್ನೇ ಬರೆದರು. ದುಡ್ಡು ಕಡಿಮೆ, ಜೀವಕ್ಕೆ ಅಪಾಯವಿಲ್ಲ, ವಿಜ್ಞಾನ ಜಾಸ್ತಿ, ಯಂತ್ರಗಳೇ ಸಾಕು!

ಬಲವಾದ ವಾದ. ಆದರೆ ಇಲ್ಲೊಂದು ಲೆಕ್ಕ ನೋಡಿ. ಮಂಗಳದ ಮೇಲೆ ಆಪರ್ಚುನಿಟಿ ರೋವರ್ ಒಂದು ಮ್ಯಾರಥಾನ್ ದೂರ, ಅಂದರೆ 42 ಕಿ.ಮೀ. ಚಿಲ್ಲರೆ, ಕ್ರಮಿಸಲು ತೆಗೆದುಕೊಂಡ ಕಾಲ ಎಷ್ಟು? 11 ವರ್ಷ! ಅಪೊಲೊ 17ರ ಇಬ್ಬರು ಮನುಷ್ಯರು ತಮ್ಮ ಬಂಡಿಯಲ್ಲಿ ಚಂದ್ರನ ಮೇಲೆ ಸುಮಾರು 35 ಕಿ.ಮೀ. ಸುತ್ತಿದರು. ಎಷ್ಟು ದಿನದಲ್ಲಿ?

ಮೂರೇ ದಿನ!

ಹಾಗೆಂದು ವ್ಯಾನ್ ಆಲೆನ್ ಸೋತರು ಎನ್ನಲಾರೆ. ಅಪೊಲೊದ ದುಡ್ಡಿನಲ್ಲಿ ಅದೆಷ್ಟು ರೋವರುಗಳು ಮಂಗಳಕ್ಕೆ ಹೋಗಬಹುದಿತ್ತು ಎಂದು ಅವರು ಕೇಳಿದರೆ ಉತ್ತರಿಸುವುದು ಕಷ್ಟ. ಆದರೂ ಬೂಟು ಕೆದರಿದ ಜಾಗದಲ್ಲಿ ಬಣ್ಣ ಬೇರೆಯಾಯಿತಲ್ಲ ಎಂದು ತಟ್ಟನೆ ತಿರುಗಿ ನೋಡಿದ ಆ ಕಣ್ಣು! ಅದಕ್ಕೆ ಬೆಲೆ ಕಟ್ಟುವುದು ಹೇಗೆ?

ಇನ್ನು ಎಲ್ಲಕ್ಕಿಂತ ಮೈ ಜುಮ್ಮೆನ್ನಿಸುವ ಘಟನೆಗೆ ಬರುತ್ತೇನೆ. ಇಷ್ಟು ಹೊತ್ತು ಬೇಕೆಂದೇ ತಡೆದಿಟ್ಟಿದ್ದೆ!

1984ರ ಜನವರಿಯಲ್ಲಿ ಅಧ್ಯಕ್ಷ ರೇಗನ್ ಒಂದು ಬಾಹ್ಯಾಕಾಶ ನಿಲ್ದಾಣ ಘೋಷಿಸಿದರು. ಅಂದಾಜು 800 ಕೋಟಿ ಡಾಲರ್. ಹತ್ತು ವರ್ಷದಲ್ಲಿ ಸಿದ್ಧ ಎಂದರು. ಒಂಬತ್ತು ವರ್ಷ ಕಳೆಯಿತು. ಅಂದಾಜು ಮೀರಿ ದುಡ್ಡು ಖರ್ಚಾಯಿತು. ಮೇಲೆ ಹೋದದ್ದೆಷ್ಟು? ಒಂದು ಮೊಳೆಯೂ ಇಲ್ಲ!

1993ರ ಜೂನ್ 23. ಅಮೆರಿಕದ ಪ್ರತಿನಿಧಿ ಸಭೆ. ಇಂಡಿಯಾನಾದ ಟಿಮ್ ರೋಮರ್ ತಿದ್ದುಪಡಿ ತಂದರು: ನಿಲ್ದಾಣಕ್ಕೆ ಎಳ್ಳುನೀರು ಬಿಡಿ. ಮತದಾನ ಶುರು. ನಿಲ್ದಾಣ ಬೇಡ ಎಂದವರು 215!

ಬೇಕು ಎಂದವರು?

216!

ಒಂದೇ ಒಂದು ಮತ! ಕೂದಲೆಳೆಯ ಅಂತರ! ಆ ಒಂದು ಮತದಿಂದ ಉಳಿದದ್ದು ಏನು ಗೊತ್ತೇ? ಮುಂದೆ ರಷ್ಯಾ ಜೊತೆಗೂಡಿ, ಯೋಜನೆ ಹೊಸ ರೂಪ ತಾಳಿ, ಇವತ್ತು ಗಂಟೆಗೆ 28,000 ಕಿ.ಮೀ. ವೇಗದಲ್ಲಿ ನಮ್ಮ ನೆತ್ತಿಯ ಮೇಲೆ ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ! 400 ಟನ್ನಿಗೂ ಮಿಕ್ಕಿದ ತೂಕ. ದಿನಕ್ಕೆ ಹದಿನಾರು ಸೂರ್ಯೋದಯ. 2000ದ ನವೆಂಬರ್ 2ರಿಂದ ಇಂದಿನವರೆಗೆ ಅದು ಒಂದು ದಿನವೂ ಖಾಲಿ ಬಿದ್ದಿಲ್ಲ. ಅಂದರೆ ಕಾಲು ಶತಮಾನದಿಂದ ಮನುಷ್ಯರೆಲ್ಲರೂ ಒಟ್ಟಿಗೆ ಭೂಮಿಯ ಮೇಲೆ ಇದ್ದ ದಿನವೇ ಇಲ್ಲ!

ಒಂದು ಮತದ ಬೆಲೆ ಇನ್ನೂ ಅರಿವಾಗಲಿಲ್ಲವೇ? ಮರುದಿನ ಏನಾಯಿತು ಕೇಳಿ. ಜೂನ್ 24. ಅದೇ ಸಭೆ, ಅದೇ ಸದಸ್ಯರು. ಈ ಸಲ ಸರದಿ ಟೆಕ್ಸಸ್ಸಿನ ನೆಲದಡಿ ಕೊರೆಯುತ್ತಿದ್ದ 87 ಕಿ.ಮೀ. ಸುತ್ತಳತೆಯ ಕಣ ಘರ್ಷಕದ್ದು. 280 ಮತ ವಿರುದ್ಧ, 150 ಪರ. ಅಕ್ಟೋಬರಿನಲ್ಲಿ ಯೋಜನೆ ಮುಗಿದೇ ಹೋಯಿತು. 200 ಕೋಟಿ ಡಾಲರ್ ಸುರಿದು ಕೊರೆದ 23 ಕಿ.ಮೀ. ಸುರಂಗ ಹಾಗೇ ಪಾಳು!

ಒಂದು ಮೇಲೆ ಹೋಯಿತು. ಇನ್ನೊಂದು ಮಣ್ಣಾಯಿತು. ನಡುವೆ ಇದ್ದದ್ದು ಒಂದೇ ರಾತ್ರಿ!

ಈಗ ಕೇಳುತ್ತೇನೆ, ಆ 216ನೇ ಮತಕ್ಕೂ ನಮ್ಮ ಧಾರವಾಡಕ್ಕೂ ಏನು ಸಂಬಂಧ? ತಲೆ ಕೆರೆದುಕೊಳ್ಳಿ ಸ್ವಲ್ಪ!

ಹೆಸರುಕಾಳು ಮತ್ತು ಮೆಂತ್ಯ! 2025ರ ಜೂನ್ 25ರಂದು ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಆ ನಿಲ್ದಾಣಕ್ಕೆ ಹೊರಟಾಗ ಅವರಿಗಾಗಿ ಸಿದ್ಧವಾಗಿದ್ದ ಪ್ರಯೋಗಗಳಲ್ಲಿ ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದ್ದು. ತೂಕವೇ ಇಲ್ಲದ ಜಾಗದಲ್ಲಿ ಕಾಳು ಮೊಳಕೆ ಒಡೆಯುವುದು ಹೇಗೆ? ನಾವು ಕೋಸಂಬರಿಗೆ ನೆನೆಹಾಕುವ ಅದೇ ಹೆಸರುಕಾಳು ಭೂಮಿಯಿಂದ 400 ಕಿ.ಮೀ. ಎತ್ತರದಲ್ಲಿ, ಪುಟ್ಟ ತಟ್ಟೆಯೊಳಗೆ, ಮೇಲೆ ಯಾವುದು ಕೆಳಗೆ ಯಾವುದು ಎಂದೇ ತಿಳಿಯದೆ ಬಾಲ ಚಾಚಿತು! ಶುಕ್ಲಾ ಅದರ ಫೋಟೊ ತೆಗೆದು, ಮೊಳಕೆಯನ್ನು ಜೋಪಾನವಾಗಿ ಶೀತಕಕ್ಕೆ ಇಟ್ಟರು. ಅವರು ಹೊರಟದ್ದು ಯಾವ ಕಟ್ಟೆಯಿಂದ? ಅಪೊಲೊ 11 ಹಾರಿದ ಅದೇ 39ಎ ಉಡಾವಣಾ ಕಟ್ಟೆಯಿಂದ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಕೈಕಟ್ಟಿ ಕೂರಲಿಲ್ಲ. ಅವರು ಕಳಿಸಿದ್ದು ನೀರುಕರಡಿಗಳನ್ನು. ಗಾತ್ರ ಒಂದು ಮಿಲಿಮೀಟರ್ ಕೂಡ ಇಲ್ಲ, ಎಂಟು ಕಾಲು, ಕುದಿ-ಹಿಮ ಎರಡಕ್ಕೂ ಜಗ್ಗದ ಜೀವ!

ಅಷ್ಟೆಲ್ಲ ಕಷ್ಟಪಟ್ಟು ಉಳಿಸಿಕೊಂಡ ನಿಲ್ದಾಣದ ಗತಿ ಮುಂದೇನು? ಅದನ್ನು ಸಮುದ್ರಕ್ಕೆ ಬೀಳಿಸುವ ನೌಕೆ ಕಟ್ಟಲು 2024ರಲ್ಲಿ ಸ್ಪೇಸ್‌ಎಕ್ಸ್‌ಗೆ 84 ಕೋಟಿ ಡಾಲರಿನ ಗುತ್ತಿಗೆ ಕೊಟ್ಟಾಗಿದೆ! ಈ ದಶಕ ಮುಗಿಯುವ ಹೊತ್ತಿಗೆ ಅದು ಇಳಿಯಬೇಕು. ಆಮೇಲೆ ದಾರಿ ಯಾವುದು, ಚಂದ್ರನೋ ಮಂಗಳವೋ? ಮೇಜಿನ ಸುತ್ತ ಮತ್ತೆ ಜಗಳ! ನಾಸಾದ ಹೊಸ ಚಂದ್ರ ಯೋಜನೆ ಆರ್ಟೆಮಿಸ್‌ನ ರಾಕೆಟ್ ಮತ್ತು ನೌಕೆಯ ಒಂದೊಂದು ಉಡಾವಣೆಗೆ 410 ಕೋಟಿ ಡಾಲರ್ ತಗಲುತ್ತದೆ ಎಂದು ಅದರದೇ ಮಹಾ ತನಿಖಾಧಿಕಾರಿ 2022ರಲ್ಲಿ ಲೆಕ್ಕ ಕೊಟ್ಟರು. ಒಂದೊಂದಕ್ಕೆ! 2025ರ ಮೇ ತಿಂಗಳಲ್ಲಿ ಶ್ವೇತಭವನ ಮೂರನೇ ಆರ್ಟೆಮಿಸ್ ಯಾತ್ರೆಯ ನಂತರ ಇವುಗಳನ್ನು ನಿಲ್ಲಿಸೋಣ ಎಂದಿತು. ಎರಡು ತಿಂಗಳಷ್ಟೇ ಕಳೆದಿತ್ತು, ಸಂಸತ್ತು ಅವುಗಳನ್ನು ಮುಂದುವರಿಸುವುದೂ ಸೇರಿದಂತೆ ಮಾನವಯಾನಕ್ಕೆ ಸುಮಾರು 1,000 ಕೋಟಿ ಡಾಲರ್ ಹೆಚ್ಚಿಗೆ ಕೊಟ್ಟಿತು!

ನಮ್ಮ ಮೇಜಿನ ಮೇಲೆ ಏನಿದೆ? ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ನಮ್ಮವರನ್ನು ಬಾಹ್ಯಾಕಾಶಕ್ಕೆ ಒಯ್ಯುವ ಗಗನಯಾನ ಯೋಜನೆಗೆ 2018ರಲ್ಲಿ ಒಪ್ಪಿದ್ದು ಸುಮಾರು 9,000 ಕೋಟಿ ರೂಪಾಯಿ. 2024ರ ಸೆಪ್ಟೆಂಬರಿನಲ್ಲಿ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿ ಅದು ಎಷ್ಟಾಯಿತು?

20,193 ಕೋಟಿ!

ಚಂದ್ರಯಾನ-3ಕ್ಕೆ ತಗುಲಿದ್ದು 615 ಕೋಟಿ. ಅಂದರೆ ಇದೇ ದುಡ್ಡಿನಲ್ಲಿ ಮೂವತ್ತೆರಡು ಚಂದ್ರಯಾನ-3! ತಲೆ ತಿರುಗಿತೇ? ತಡೆಯಿರಿ, ಇನ್ನೊಂದು ಭಾಗಾಕಾರ ಮಾಡಿ. 20,193 ಕೋಟಿಯನ್ನು ದೇಶದ ಅಷ್ಟೂ ಜನಕ್ಕೆ ಹಂಚಿ. ತಲೆಗೆ ಬರುವುದು ಸುಮಾರು 140 ರೂಪಾಯಿ. ವರ್ಷಕ್ಕಲ್ಲ, ಪೂರ್ತಿ ಯೋಜನೆಗೆ!

ಎರಡು ಲೆಕ್ಕವೂ ನಿಜ. ಎರಡನ್ನೂ ಕೈಯಲ್ಲಿ ಹಿಡಿದೇ ಈ ಚರ್ಚೆಗೆ ಇಳಿಯಬೇಕು. ನಮ್ಮಲ್ಲಿ ಉಡಾವಣೆಯ ದಿನ ಚಪ್ಪಾಳೆ ಜೋರಾಗಿರುತ್ತದೆ, ಮಂಜೂರಾತಿಯ ದಿನ ಯಾರೂ ತಿರುಗಿ ನೋಡುವುದಿಲ್ಲ. ದಾರಿ ತೀರ್ಮಾನವಾಗುವುದು ಮಂಜೂರಾತಿಯ ದಿನವೇ ಅಲ್ಲವೇ!

2035ರ ಹೊತ್ತಿಗೆ ನಮ್ಮ ನಿಲ್ದಾಣ ಸಿದ್ಧವಾಗಬೇಕು. ಯೋಜನೆಯಲ್ಲಿರುವ ಘಟಕಗಳು ಐದು. 2024ರ ಮಂಜೂರಾತಿ ಬಂದದ್ದು ಮೊದಲನೆಯದಕ್ಕೆ. ನಾನಂತೂ ಐದೂ ಮೇಲೆ ಹೋಗಲಿ ಎನ್ನುವವನು. ಆದರೆ ಒಂದು ಬೇಡಿಕೆ ಇದೆ. ಅದರಲ್ಲಿ ಒಂದು ಘಟಕವನ್ನು ಪೂರ್ತಿಯಾಗಿ ನಮ್ಮ ವಿಶ್ವವಿದ್ಯಾಲಯಗಳ ಕೈಗೆ ಕೊಡಿ. ಧಾರವಾಡದವರು ಮೊಳಕೆಯಲ್ಲೇ ನಿಲ್ಲದೆ ಹೂವು, ಕಾಯಿ, ಮತ್ತೆ ಕಾಳಿನವರೆಗೂ ಬೆಳೆದು ನೋಡಲಿ. ರಾಯಚೂರಿನವರು, ಮೈಸೂರಿನವರು, ಮಂಗಳೂರಿನವರು ತಮ್ಮ ತಮ್ಮ ಪೆಟ್ಟಿಗೆ ತರಲಿ. ಐದರಲ್ಲಿ ಒಂದು! ಅಷ್ಟು ಕೇಳಿದರೆ ಹೆಚ್ಚಾಯಿತೇ?